ಈಗ ಸಿಗುವ ಪ್ರೊಸೆಸರ್, ಬರಲಿರುವ ಪ್ರೊಸೆಸರ್: ಯಾವುದನ್ನು ಆರಿಸಬೇಕು?

ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರ ಮುಂದೆ ಇಂಟೆಲ್ ಮತ್ತು ಎಎಂಡಿ ಎಂಬ ಎರಡು ಆಯ್ಕೆಗಳಿವೆ ಎಂದು ಮೇಲ್ನೋಟಕ್ಕೆ ಅನ್ನಿಸಿದರೂ, ಅವೆರಡರ ಪಕ್ಕದಲ್ಲಿ ಮೂರನೆಯದೊಂದು ಸದಾ ನಿಂತಿರುತ್ತದೆ. ಅದು ಇನ್ನೂ ಬಾರದ ಪ್ರೊಸೆಸರ್ ಚಿಪ್. ಅದನ್ನು ಹೊರಗಿನವರಾರೂ ಅಳೆದು ನೋಡಿಲ್ಲವಾದ್ದರಿಂದ ಮೂರರಲ್ಲಿ ಅದೇ ಹೆಚ್ಚು ಚೆಂದವಾಗಿ ಕಾಣುತ್ತದೆ. ಹೀಗಾಗಿ ಕೊಳ್ಳುವವರ ನಿಜವಾದ ಹೋಲಿಕೆ ಇಂಟೆಲ್ ಒಳ್ಳೆಯದೋ ಎಎಂಡಿ ಒಳ್ಳೆಯದೋ ಎಂಬುದಕ್ಕಿಂತ ಮೊದಲು, ಇವತ್ತು ಕೈಗೆ ಸಿಗುವುದು ಸಾಕೋ ಅಥವಾ ಬರಲಿರುವುದಕ್ಕೆ ಕಾಯಬೇಕೋ ಎಂಬುದಾಗಿರುತ್ತದೆ.

2024ರ ಜುಲೈ ಕೊನೆಯ ವಾರವನ್ನು ನೆನಪಿಸಿಕೊಂಡರೆ ಈ ಸಂದಿಗ್ಧ ಎಂಥದೆಂದು ತಿಳಿಯುತ್ತದೆ. ಎಎಂಡಿಯ ರೈಜನ್ 9000 ಸರಣಿ ಜುಲೈ 31ರಂದು ಮಾರಾಟಕ್ಕೆ ಬರಬೇಕಿತ್ತು. ಇನ್ನೊಂದು ವಾರವಿದೆ ಎನ್ನುವಾಗ, ಮೊದಲ ಕಂತಿನ ಚಿಪ್‌ಗಳು ತನ್ನ ಗುಣಮಟ್ಟದ ನಿರೀಕ್ಷೆಯನ್ನು ಪೂರ್ತಿಯಾಗಿ ಮುಟ್ಟಿಲ್ಲ ಎಂದು ತಿಳಿಸಿದ ಕಂಪನಿ, ಬಿಡುಗಡೆಯನ್ನು ಆಗಸ್ಟ್ 8 ಮತ್ತು 15ಕ್ಕೆ ಮುಂದೂಡಿತು. ಅದೇ ದಿನಗಳಲ್ಲಿ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಕ್ರಮೇಣ ಹದಗೆಡುತ್ತಿವೆ ಎಂಬುದು ದೃಢಪಟ್ಟು, ಕಂಪನಿ ಅವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ಇಂಟೆಲ್‌ನ ಮುಂದಿನ ತಲೆಮಾರಾದ ಆರೋ ಲೇಕ್ ಆಗಿನ್ನೂ ಬಂದಿರಲಿಲ್ಲ. ಅಂದು ಕೊಳ್ಳಲು ನಿಂತವರಿಗೆ ಇದ್ದ ಚಿಪ್‌ನ ಮೇಲೆ ಅನುಮಾನ, ಬರಬೇಕಾದದ್ದು ತಡ, ಅದರಾಚೆಯದು ಬರಿಯ ಹೆಸರು.

ಕಾದವರಿಗೆ ಏನು ಸಿಕ್ಕಿತು? ರೈಜನ್ 9000 ಬಂದಾಗ, ಆಟಗಳಲ್ಲಿ ಹಿಂದಿನ 7000 ಸರಣಿಗಿಂತ ಅದರ ಮುನ್ನಡೆ ಸಣ್ಣದೆಂದು ಪರೀಕ್ಷಕರು ಕಂಡುಕೊಂಡರು. ಅಕ್ಟೋಬರ್ 24ರಂದು ಬಂದ ಆರೋ ಲೇಕ್ ವಿದ್ಯುತ್ ಕಡಿಮೆ ಬಳಸಿತಾದರೂ ಹಲವು ಆಟಗಳಲ್ಲಿ ತನ್ನದೇ ಹಿಂದಿನ ತಲೆಮಾರಿಗಿಂತ ಹಿಂದುಳಿಯಿತು. ಬಿಡುಗಡೆ ಅಂದುಕೊಂಡಂತೆ ನಡೆಯಲಿಲ್ಲವೆಂದು ಇಂಟೆಲ್ ಕೂಡ ಒಪ್ಪಿಕೊಂಡಿತು. ಆದರೆ ನವೆಂಬರ್ 7ರಂದು ಬಂದ ರೈಜನ್ 7 9800ಎಕ್ಸ್3ಡಿ, ಆಟಗಳ ಮಟ್ಟಿಗೆ ಉಳಿದೆಲ್ಲವನ್ನೂ ಸ್ಪಷ್ಟವಾಗಿ ಹಿಂದಿಕ್ಕಿತು. ನಾಲ್ಕು ತಿಂಗಳ ಒಳಗೆ ಕಾಯುವಿಕೆ ಎರಡು ಬಾರಿ ಹುಸಿಯಾಗಿ, ಒಂದು ಬಾರಿ ಫಲಿಸಿತು. ಯಾವಾಗ ಫಲಿಸುತ್ತದೆ ಎಂಬುದನ್ನು ಮೊದಲೇ ಊಹಿಸಲು ನನಗೆ ಕಂಡಿರುವ ಒಂದೇ ಉಪಾಯವೆಂದರೆ, ನಾವು ಕಾಯುತ್ತಿರುವ ಕಂಪನಿಯನ್ನಲ್ಲ, ಅದರ ಎದುರಾಳಿಯನ್ನು ಗಮನಿಸುವುದು.

ಎದುರಾಳಿಯ ಕೈಯಲ್ಲಿ ಏನಿದೆ?

ಇಂಟೆಲ್ 2011ರ ಜನವರಿಯಲ್ಲಿ ಕೋರ್ ಐ7-2600ಕೆ ಎಂಬ ನಾಲ್ಕು ಕೋರ್‌ಗಳ (ಚಿಪ್‌ನೊಳಗೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳ) ಚಿಪ್ ತಂದಿತು. ಆರು ವರ್ಷಗಳ ಬಳಿಕ, 2017ರ ಜನವರಿಯಲ್ಲಿ, ಅದೇ ಸ್ಥಾನಕ್ಕೆ ಬಂದ ಐ7-7700ಕೆಯಲ್ಲಿಯೂ ಇದ್ದದ್ದು ನಾಲ್ಕೇ ಕೋರ್. ನಡುವೆ ಎಎಂಡಿ 2011ರ ಅಕ್ಟೋಬರ್‌ನಲ್ಲಿ ತಂದ ಬುಲ್ಡೋಜರ್ ವಿನ್ಯಾಸ ಸೋತಿತ್ತು. ಓಟದಲ್ಲಿ ಒಬ್ಬನೇ ಉಳಿದವನಿಗೆ ವೇಗ ಹೆಚ್ಚಿಸುವ ಅಗತ್ಯವಿರಲಿಲ್ಲ. ಆ ಅವಧಿಯಲ್ಲಿ ಮುಂದಿನ ತಲೆಮಾರಿಗೆಂದು ಕಾದು ಕುಳಿತವರು ವರ್ಷಕ್ಕೊಮ್ಮೆ ಒಂದಿಷ್ಟು ಶೇಕಡಾವಾರು ಏರಿಕೆಯನ್ನು ಪಡೆದರೇ ಹೊರತು ಬೇರೇನನ್ನೂ ಪಡೆಯಲಿಲ್ಲ. ಅಂದು ಬೇಕೆನ್ನಿಸಿದ ದಿನವೇ ಕೊಂಡವರೇ ಜಾಣರು.

2017ರ ಮಾರ್ಚ್ 2ರಂದು ಎಎಂಡಿಯ ಮೊದಲ ರೈಜನ್ ಚಿಪ್‌ಗಳು ಎಂಟು ಕೋರ್‌ಗಳೊಂದಿಗೆ ಬಂದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್ ಆರು ಕೋರ್‌ಗಳ ಐ7-8700ಕೆಯನ್ನು ಮಾರುಕಟ್ಟೆಗೆ ತಂದಿತು. ಆರು ವರ್ಷ ಕದಲದ ಸಂಖ್ಯೆ ಒಂಬತ್ತೇ ತಿಂಗಳಲ್ಲಿ ಕದಲಿತು. ಜನವರಿಯಲ್ಲಿ 7700ಕೆ ಕೊಂಡವರಿಗೆ ಇದು ಖಂಡಿತ ಕಹಿಯಾಗಿ ಕಂಡಿರಬೇಕು. ಆದರೆ ರೈಜನ್ ಬರುತ್ತಿದೆ ಎಂಬುದು ಆಗ ಗುಟ್ಟೇನೂ ಆಗಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಎಎಂಡಿ ಅದರ ಹೆಸರನ್ನು ಪ್ರಕಟಿಸಿ, ಕೆಲಸ ಮಾಡುವ ಚಿಪ್ಪನ್ನು ಎಲ್ಲರ ಮುಂದೆ ಓಡಿಸಿ ತೋರಿಸಿತ್ತು.

ಹೀಗಾಗಿ ನನ್ನ ಮೊದಲ ಸಲಹೆ ಇದು. ನೀವು ಇಂಟೆಲ್ ಚಿಪ್‌ಗಾಗಿ ಕಾಯುತ್ತಿದ್ದರೆ ಎಎಂಡಿ ಈಗ ಏನನ್ನು ಮಾರುತ್ತಿದೆ ಎಂದು ನೋಡಿ. ಎಎಂಡಿಗಾಗಿ ಕಾಯುತ್ತಿದ್ದರೆ ಇಂಟೆಲ್‌ನ ಕಡೆ ನೋಡಿ. ಎದುರಾಳಿ ಇದೀಗ ದೊಡ್ಡ ಜಿಗಿತ ಮಾಡಿದ್ದರೆ ಆರೇಳು ತಿಂಗಳು ಕಾಯುವುದಕ್ಕೆ ಅರ್ಥವಿದೆ, ಏಕೆಂದರೆ ಉತ್ತರ ಬರಲೇಬೇಕು. ಉತ್ತರವಾಗಿ ಹೊಸ ಚಿಪ್ ಬಾರದಿದ್ದರೂ ಹಳೆಯದರ ಬೆಲೆ ಇಳಿಯುವ ಸಾಧ್ಯತೆ ಇರುತ್ತದೆ. ಎದುರಾಳಿ ತಾನೇ ತಡವರಿಸುತ್ತಿದ್ದರೆ, ನೀವು ಮೆಚ್ಚಿದ ಕಂಪನಿಗೂ ಆತುರವಿರುವುದಿಲ್ಲ. ಆಗ ಕಾಯುವುದು ವ್ಯರ್ಥ.

ತಡಗಳೆಲ್ಲ ಒಂದೇ ಬಗೆಯವಲ್ಲ

ಬಿಡುಗಡೆ ಮುಂದಕ್ಕೆ ಹೋಯಿತು ಎಂಬ ಸುದ್ದಿ ಓದಿದಾಗ, ಎಷ್ಟು ಹೋಯಿತು ಎಂಬುದಕ್ಕಿಂತ ಏಕೆ ಹೋಯಿತು ಎಂದು ಕೇಳಿಕೊಳ್ಳುವುದು ಮುಖ್ಯ. ಕಾರಣ ತಿಳಿದರೆ ಮುಂದೆ ಇನ್ನೆಷ್ಟು ತಡವಾದೀತು ಎಂಬ ಅಂದಾಜು ಸಿಗುತ್ತದೆ.

ಎಲ್ಲಕ್ಕಿಂತ ಉದ್ದವಾದದ್ದು ತಯಾರಿಕೆಯ ತಂತ್ರವೇ ಕೈಕೊಟ್ಟಾಗ ಆಗುವ ತಡ. ಇಂಟೆಲ್‌ನ 10 ನ್ಯಾನೊಮೀಟರ್ ತಂತ್ರ (ಈ ಸಂಖ್ಯೆ ಕಿರಿದಾದಷ್ಟೂ ಚಿಪ್‌ನ ಭಾಗಗಳು ಹೆಚ್ಚು ಒತ್ತಾಗಿ ಕೂರುತ್ತವೆ) ಇದಕ್ಕೆ ಪಾಠದಂತಿದೆ. 2015ರ ಹೊತ್ತಿಗೆ ಬರಬೇಕಿದ್ದ ಅದನ್ನು ಮೊದಲು 2017ಕ್ಕೆ ಮುಂದೂಡಲಾಯಿತು. 2018ರ ಮೇ ತಿಂಗಳಲ್ಲಿ ಹೆಸರಿಗೆಂಬಂತೆ ಕೋರ್ ಐ3-8121ಯು ಎಂಬ ಒಂದು ಚಿಪ್ ಹೊರಬಂದಿತು. ಅದರಲ್ಲಿ ಎರಡೇ ಕೋರ್‌ಗಳಿದ್ದವು, ಒಳಗಿನ ಗ್ರಾಫಿಕ್ಸ್ ಭಾಗವನ್ನು ನಿಷ್ಕ್ರಿಯಗೊಳಿಸಲಾಗಿತ್ತು. ಲ್ಯಾಪ್‌ಟಾಪ್‌ಗಳಿಗೆ ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು 2019ರಲ್ಲಿ, ಡೆಸ್ಕ್‌ಟಾಪ್‌ಗೆ ಆಲ್ಡರ್ ಲೇಕ್ ರೂಪದಲ್ಲಿ ಮುಟ್ಟಿದ್ದು 2021ರ ನವೆಂಬರ್‌ನಲ್ಲಿ. ಆ ವೇಳೆಗೆ ಅದರ ಸುಧಾರಿತ ರೂಪಕ್ಕೆ ಇಂಟೆಲ್ 7 ಎಂಬ ಹೊಸ ನಾಮಕರಣವೂ ಆಗಿತ್ತು.

ಇಷ್ಟು ತಡವಾದದ್ದಕ್ಕೆ ಆಲಸ್ಯ ಕಾರಣವಲ್ಲ, ಅತಿಯಾಸೆ ಕಾರಣ. ಹಿಂದಿನ 14 ನ್ಯಾನೊಮೀಟರ್ ತಂತ್ರಕ್ಕಿಂತ 2.7 ಪಟ್ಟು ಸಾಂದ್ರವಾಗಿ ಟ್ರಾನ್ಸಿಸ್ಟರ್‌ಗಳೆಂಬ ಪುಟ್ಟ ಸ್ವಿಚ್ಚುಗಳನ್ನು ಕೂರಿಸುವ ಗುರಿಯನ್ನು ಇಂಟೆಲ್ ಒಂದೇ ಹೆಜ್ಜೆಯಲ್ಲಿ ಸಾಧಿಸಲು ಹೊರಟಿತ್ತು. ಚಿಪ್‌ನ ವಿನ್ಯಾಸವನ್ನು ಬಿಲ್ಲೆಯ ಮೇಲೆ ಮೂಡಿಸುವುದು ಬೆಳಕಿನಿಂದ; ಅದಕ್ಕೆ ಬೇಕಾದ 13.5 ನ್ಯಾನೊಮೀಟರ್ ತರಂಗಾಂತರದ ತೀವ್ರ ಅತಿನೇರಳೆ ಬೆಳಕಿನ ಯಂತ್ರಗಳು ಆಗಿನ್ನೂ ಕಾರ್ಖಾನೆಗೆ ಸಿದ್ಧವಾಗಿರಲಿಲ್ಲ. ಆದ್ದರಿಂದ 193 ನ್ಯಾನೊಮೀಟರ್‌ನ ಹಳೆಯ ಬೆಳಕಿನಲ್ಲಿಯೇ ಒಂದು ಪದರದ ವಿನ್ಯಾಸವನ್ನು ಹಲವು ಹಂತಗಳಾಗಿ ಬಿಡಿಸಿ ಮೂಡಿಸಬೇಕಾಯಿತು. ಇದರ ಜೊತೆಗೆ ಕೆಲವು ತಂತಿ ಪದರಗಳಿಗೆ ತಾಮ್ರದ ಬದಲು ಕೋಬಾಲ್ಟ್ ಬಳಸುವ ಪ್ರಯೋಗವೂ ಸೇರಿಕೊಂಡಿತು. ಹಂತ ಹೆಚ್ಚಿದಷ್ಟೂ ತಪ್ಪಿಗೆ ಅವಕಾಶ ಹೆಚ್ಚುತ್ತದೆ. ಒಂದು ಸಿಲಿಕಾನ್ ಬಿಲ್ಲೆಯಿಂದ ದೊರೆಯುವ ಕೆಲಸಕ್ಕೆ ಬರುವ ಚಿಪ್‌ಗಳ ಪ್ರಮಾಣವನ್ನು ಈ ಉದ್ಯಮದಲ್ಲಿಯೂ ಇಳುವರಿ ಎಂದೇ ಕರೆಯುತ್ತಾರೆ, ಮತ್ತು ಹೊಲದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ಇಳುವರಿ ಕೈಕೊಟ್ಟರೆ ಆ ವರ್ಷದ ಲೆಕ್ಕವೆಲ್ಲ ಬುಡಮೇಲು. ಇಳುವರಿಯ ಕಾರಣಕ್ಕೆ ತಡವಾಗಿದೆ ಎಂದು ಕಂಪನಿಯೇ ಹೇಳಿದಾಗ, ಅದು ಕೊಡುವ ಹೊಸ ದಿನಾಂಕವನ್ನು ನಾನು ನಂಬುವುದಿಲ್ಲ. 2020ರ ಜುಲೈನಲ್ಲಿ ಇಂಟೆಲ್ ತನ್ನ 7 ನ್ಯಾನೊಮೀಟರ್ ಚಿಪ್‌ಗಳು ಸುಮಾರು ಆರು ತಿಂಗಳು ತಡವೆಂದು ಹೂಡಿಕೆದಾರರಿಗೆ ತಿಳಿಸಿತು. ಬಳಿಕ ಇಂಟೆಲ್ 4 ಎಂಬ ಹೆಸರು ಪಡೆದ ಆ ತಂತ್ರದ ಮೊದಲ ಪಿಸಿ ಚಿಪ್, ಮಿಟಿಯರ್ ಲೇಕ್, ಬಿಡುಗಡೆಯಾದದ್ದು 2023ರ ಡಿಸೆಂಬರ್ 14ರಂದು, ಅದೂ ಲ್ಯಾಪ್‌ಟಾಪ್‌ಗಳಿಗೆ.

ಇಂಥ ತಡದ ನಡುವೆ ಬರುವ ತಾತ್ಕಾಲಿಕ ಚಿಪ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 10 ನ್ಯಾನೊಮೀಟರ್‌ಗೆಂದು ರೂಪಿಸಿದ ಕೋರ್ ವಿನ್ಯಾಸವನ್ನು ಹಳೆಯ 14 ನ್ಯಾನೊಮೀಟರ್‌ಗೆ ಇಳಿಸಿ ಇಂಟೆಲ್ 2021ರ ಮಾರ್ಚ್‌ನಲ್ಲಿ ರಾಕೆಟ್ ಲೇಕ್ ಅನ್ನು ತಂದಿತು. ಸಣ್ಣ ಅಳತೆಗೆ ಹೊಲಿದ ವಿನ್ಯಾಸ ದೊಡ್ಡ ಅಳತೆಯಲ್ಲಿ ಹಿಡಿಸಲಾರದೆ ಹೋದದ್ದರಿಂದ, ಹಿಂದಿನ ವರ್ಷದ ಐ9-10900ಕೆಯಲ್ಲಿ ಹತ್ತು ಕೋರ್‌ಗಳಿದ್ದರೆ ಹೊಸ ಐ9-11900ಕೆಯಲ್ಲಿ ಎಂಟೇ ಉಳಿದವು. ಎಂಟು ತಿಂಗಳಲ್ಲಿ ಆಲ್ಡರ್ ಲೇಕ್ ಹೊಸ ಸಾಕೆಟ್‌ನೊಂದಿಗೆ (ಮದರ್‌ಬೋರ್ಡ್ ಮೇಲೆ ಚಿಪ್ ಕೂರುವ ಜಾಗ) ಬಂದು ಅದನ್ನು ಮರೆಸಿತು. ತಡದ ಕೊನೆಯ ಹಂತದಲ್ಲಿ ಬರುವ ಇಂಥ ನಡುವಿನ ತಲೆಮಾರನ್ನು ಬೆಲೆ ಬಹಳ ಇಳಿದಿದ್ದರೆ ಮಾತ್ರ ಪರಿಗಣಿಸಬಹುದು.

ಎರಡನೆಯ ಬಗೆ, ವಿನ್ಯಾಸದಲ್ಲಿನ ದೋಷದಿಂದಾಗುವ ತಡ. ಇದು ತಿಂಗಳುಗಳ ಲೆಕ್ಕದ್ದು. ದೋಷ ಸಿಕ್ಕ ಮೇಲೆ ಚಿಪ್‌ನ ವಿನ್ಯಾಸವನ್ನು ಬಿಲ್ಲೆಯ ಮೇಲೆ ಮೂಡಿಸುವ ಅಚ್ಚುಗಳನ್ನು (ಮಾಸ್ಕ್) ತಿದ್ದಿ, ಮತ್ತೆ ಬಿಲ್ಲೆಗಳನ್ನು ತಯಾರಿಸಿ, ಮತ್ತೆ ಪರೀಕ್ಷಿಸಬೇಕು. ಪ್ರತಿ ಸುತ್ತಿಗೂ ಕೆಲವು ತಿಂಗಳು ಹಿಡಿಯುತ್ತದೆ. 2007ರ ನವೆಂಬರ್‌ನಲ್ಲಿ ಎಎಂಡಿಯ ಫೆನಮ್ ತಡವಾಗಿ ಬಂದದ್ದಷ್ಟೇ ಅಲ್ಲ, ಮೆಮೊರಿ ವಿಳಾಸಗಳನ್ನು ನೆನಪಿಟ್ಟುಕೊಳ್ಳುವ ಟಿಎಲ್‌ಬಿ ಎಂಬ ಭಾಗದ ದೋಷವನ್ನೂ ಹೊತ್ತು ತಂದಿತು. ಮದರ್‌ಬೋರ್ಡ್‌ನಲ್ಲಿರುವ ಮೂಲ ತಂತ್ರಾಂಶವಾದ ಬಯಾಸ್ ಮೂಲಕ ಅದನ್ನು ಸರಿಪಡಿಸಿದರೆ ವೇಗ ಕುಸಿಯುತ್ತಿತ್ತು. ತಿದ್ದಿದ ಚಿಪ್‌ಗಳು 2008ರ ಮಾರ್ಚ್‌ನಲ್ಲಿ ಬಂದವು. ಇಂಥ ಸಂದರ್ಭದಲ್ಲಿ ಕಾಯುವುದೇ ಸರಿ, ಏಕೆಂದರೆ ತಿದ್ದಿದ ಆವೃತ್ತಿ ಬಹುಮಟ್ಟಿಗೆ ಖಚಿತವಾಗಿ ಬರುತ್ತದೆ ಮತ್ತು ಹಳೆಯದನ್ನು ಕೊಂಡವರು ದೋಷದೊಂದಿಗೇ ಬಾಳಬೇಕಾಗುತ್ತದೆ.

ಮೂರನೆಯದು ಕೊನೆಗಳಿಗೆಯ ಗುಣಮಟ್ಟದ ತಪಾಸಣೆಯಿಂದಾಗುವ ತಡ. ರೈಜನ್ 9000ದ್ದು ಇದೇ ಬಗೆ. ಒಂದೆರಡು ವಾರದ ಮಾತು, ಚಿಂತಿಸಬೇಕಿಲ್ಲ.

ನಾಲ್ಕನೆಯದೂ ಒಂದಿದೆ, ಆದರೆ ಕಂಪನಿಗಳು ಅದನ್ನು ತಡವೆಂದು ಕರೆಯುವುದಿಲ್ಲ. ಬಿಡುಗಡೆಯ ದಿನ ಚಿಪ್ ಬಿಡುಗಡೆಯಾಗುತ್ತದೆ, ಆದರೆ ಸಿಗುವುದಿಲ್ಲ. 2020ರ ನವೆಂಬರ್ 5ರಂದು ಬಂದ ರೈಜನ್ 5000 ಸರಣಿಯ ದೊಡ್ಡ ಚಿಪ್‌ಗಳು ತಿಂಗಳುಗಟ್ಟಲೆ ಸುಲಭವಾಗಿ ದೊರೆಯಲಿಲ್ಲ. ಇಲ್ಲಿ ಎರಡು ಕಂಪನಿಗಳ ನಡುವಿನ ಮೂಲ ವ್ಯತ್ಯಾಸ ಕಾಣುತ್ತದೆ. ಇಂಟೆಲ್ ಬಹುಕಾಲದಿಂದ ತನ್ನ ಚಿಪ್‌ಗಳನ್ನು ತನ್ನದೇ ಕಾರ್ಖಾನೆಗಳಲ್ಲಿ ತಯಾರಿಸುತ್ತ ಬಂದಿದೆ. ಎಎಂಡಿ 2009ರಲ್ಲಿ ತನ್ನ ಕಾರ್ಖಾನೆಗಳನ್ನು ಗ್ಲೋಬಲ್‌ಫೌಂಡ್ರೀಸ್ ಎಂಬ ಬೇರೆ ಕಂಪನಿಯಾಗಿ ಕಳಚಿಕೊಂಡಿತು, ಮತ್ತು ಆ ಕಂಪನಿ 2018ರ ಆಗಸ್ಟ್‌ನಲ್ಲಿ 7 ನ್ಯಾನೊಮೀಟರ್ ಪ್ರಯತ್ನವನ್ನೇ ಕೈಬಿಟ್ಟಾಗ ತನ್ನ ಮುಂಚೂಣಿಯ ಚಿಪ್‌ಗಳಿಗೆ ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯನ್ನು ನಂಬಿತು. ಅದರಿಂದಾಗಿ ಎಎಂಡಿಯ ಚಿಪ್‌ಗಳು ಹೇಳಿದ ಸಮಯಕ್ಕೆ ಸಿದ್ಧವಾಗುವುದು ಹೆಚ್ಚಾಯಿತು. ಆದರೆ ಅದೇ ಕಾರ್ಖಾನೆಯ ಬಾಗಿಲಲ್ಲಿ ಆ್ಯಪಲ್‌ನಂಥ ದೊಡ್ಡ ಗಿರಾಕಿಗಳೂ ಸಾಲಿನಲ್ಲಿರುವುದರಿಂದ ಸಂಖ್ಯೆ ಸಾಲದೆ ಹೋಗುವ ಅಪಾಯ ಉಳಿಯಿತು. ಇಂಟೆಲ್‌ನ ತಡ ಬಿಡುಗಡೆಗೆ ಮೊದಲು, ಎಎಂಡಿಯ ತಡ ಬಿಡುಗಡೆಯ ನಂತರ ಎಂಬ ಮಾತು ಒಂದಷ್ಟು ವರ್ಷ ನಿಜವಾಗಿತ್ತು. ಈಗ ಆ ಗೆರೆಯೂ ಮಸುಕಾಗಿದೆ. ಆರೋ ಲೇಕ್‌ನ ಲೆಕ್ಕಾಚಾರದ ಭಾಗವನ್ನು ಇಂಟೆಲ್ ಟಿಎಸ್‌ಎಂಸಿಯಲ್ಲಿಯೇ ಮಾಡಿಸಿತು, ಆ ಸರಣಿಗೆಂದು ಯೋಜಿಸಿದ್ದ ತನ್ನದೇ 20ಎ ತಂತ್ರವನ್ನು 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು.

ಡೆಸ್ಕ್‌ಟಾಪ್ ಕೊಳ್ಳುವವರಿಗೆ

ಡೆಸ್ಕ್‌ಟಾಪ್‌ನಲ್ಲಿ ಕಾಯುವುದೋ ಬೇಡವೋ ಎಂಬ ಪ್ರಶ್ನೆಯ ತೀಕ್ಷ್ಣತೆಯನ್ನು ತಗ್ಗಿಸುವ ಒಂದು ಮಾರ್ಗವಿದೆ: ಇಂದು ಸಾಧಾರಣ ಚಿಪ್ ಕೊಂಡು, ಒಳ್ಳೆಯದು ಬಂದಾಗ ಅದೇ ಮದರ್‌ಬೋರ್ಡ್‌ಗೆ ಕೂರಿಸುವುದು. ಇದು ಸಾಧ್ಯವಾಗಬೇಕಾದರೆ ಸಾಕೆಟ್ ಬದಲಾಗಬಾರದು, ಮತ್ತು ಈ ವಿಷಯದಲ್ಲಿ ಎಎಂಡಿಯ ದಾಖಲೆ ಸ್ಪಷ್ಟವಾಗಿ ಮೇಲು. 2017ರ ಎಎಂ4 ಸಾಕೆಟ್‌ನ ಮದರ್‌ಬೋರ್ಡ್‌ಗಳಲ್ಲಿ ಹಲವು, ಬಯಾಸ್ ನವೀಕರಿಸಿದರೆ, 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನೂ ಓಡಿಸುತ್ತವೆ. ಐದು ವರ್ಷಗಳ ಅಂತರದ ಚಿಪ್ ಅದೇ ಜಾಗದಲ್ಲಿ ಕೂರುವುದು ಸಣ್ಣ ಅನುಕೂಲವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಸಾಕೆಟ್‌ಗೆ 2027 ಮತ್ತು ಅದರಾಚೆಗೂ ಬೆಂಬಲವಿರುತ್ತದೆ ಎಂದು ಎಎಂಡಿ ಹೇಳಿದೆ.

ಇಂಟೆಲ್ ಸಾಮಾನ್ಯವಾಗಿ ಎರಡು ತಲೆಮಾರಿಗೊಮ್ಮೆ ಸಾಕೆಟ್ ಬದಲಿಸುತ್ತ ಬಂದಿದೆ. ಎಲ್‌ಜಿಎ 1700 ಮಾತ್ರ 12ರಿಂದ 14ರವರೆಗೆ ಮೂರು ತಲೆಮಾರು ಬಾಳಿತು. 8700ಕೆಯ ಕಾಲದಲ್ಲಂತೂ ಪಿನ್‌ಗಳ ಸಂಖ್ಯೆ 1151 ಎಂದೇ ಇದ್ದರೂ, ಅದೇ ವರ್ಷದ ಆರಂಭದಲ್ಲಿ ಬಂದಿದ್ದ 200 ಸರಣಿಯ ಮದರ್‌ಬೋರ್ಡ್‌ಗಳಲ್ಲಿ ಹೊಸ ಚಿಪ್ ಕೆಲಸ ಮಾಡುವಂತಿರಲಿಲ್ಲ. ಆದ್ದರಿಂದ ಇಂಟೆಲ್ ಡೆಸ್ಕ್‌ಟಾಪ್ ಕೊಳ್ಳುವವರು ಅದನ್ನು ಒಂದೇ ಬಾರಿಯ ಖರೀದಿಯೆಂದು ತಿಳಿದು ತಮಗೆ ಬೇಕಾದ ಪೂರ್ಣ ಸಾಮರ್ಥ್ಯದ ಚಿಪ್ಪನ್ನೇ ಕೊಳ್ಳಬೇಕು. ಸಾಕೆಟ್ ಬದಲಾಗುವುದು ಖಚಿತವಿದ್ದಾಗ, ಹಳೆಯ ಸಾಕೆಟ್‌ನ ಕೊನೆಯ ತಲೆಮಾರಿಗೂ ಒಂದು ಆಕರ್ಷಣೆ ಇರುತ್ತದೆ ಎನ್ನುವುದನ್ನು ಅಲ್ಲಗಳೆಯಲಾರೆ: ಎಲ್‌ಜಿಎ 1700ರಲ್ಲಿ ಕೈಯಲ್ಲಿರುವ ಡಿಡಿಆರ್4 ಮೆಮೊರಿಯನ್ನೂ ಬಳಸಲು ಸಾಧ್ಯವಾಗುವ ಮದರ್‌ಬೋರ್ಡ್‌ಗಳಿದ್ದವು, ಎಎಂ5ನಲ್ಲಿ ಅದಕ್ಕೆ ಅವಕಾಶವಿಲ್ಲ.

ಲ್ಯಾಪ್‌ಟಾಪ್ ಕೊಳ್ಳುವವರಿಗೆ

ಲ್ಯಾಪ್‌ಟಾಪ್‌ನಲ್ಲಿ ಚಿಪ್ ಬದಲಿಸುವ ಮಾತಿಲ್ಲವಾದ್ದರಿಂದ ಆಯ್ಕೆ ಹೆಚ್ಚು ಭಾರವಾದದ್ದು. ಸ್ಪರ್ಧಿಗಳೂ ಹೆಚ್ಚು. 2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ತಂದ ಮೇಲೆ, ಕಡಿಮೆ ವಿದ್ಯುತ್‌ನಲ್ಲಿ ಎಷ್ಟು ಕೆಲಸ ಎಂಬುದೇ ಹೋಲಿಕೆಯ ಅಳತೆಗೋಲಾಯಿತು. ಘೋಷಣೆಗೂ ಸರಕಿಗೂ ನಡುವಿನ ಅಂತರ ಏನು ಮಾಡಬಲ್ಲದು ಎಂಬುದಕ್ಕೆ ಕ್ವಾಲ್‌ಕಾಮ್‌ನ ಲ್ಯಾಪ್‌ಟಾಪ್ ಚಿಪ್ ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್ ಒಳ್ಳೆಯ ಉದಾಹರಣೆ. 2023ರ ಅಕ್ಟೋಬರ್ ಕೊನೆಯ ಭಾಗದಲ್ಲಿ ಅದನ್ನು ಘೋಷಿಸಿದಾಗ ಹೋಲಿಕೆಗೆ ಇಟ್ಟುಕೊಂಡದ್ದು ಆ್ಯಪಲ್‌ನ ಎಂ2 ತಲೆಮಾರನ್ನು. ಒಂದೇ ವಾರದಲ್ಲಿ ಎಂ3 ಬಂದಿತು. ಸ್ನಾಪ್‌ಡ್ರ್ಯಾಗನ್ ಇರುವ ಲ್ಯಾಪ್‌ಟಾಪ್‌ಗಳು 2024ರ ಜೂನ್ 18ರಂದು ಅಂಗಡಿಗೆ ಬರುವ ಹೊತ್ತಿಗೆ ಐಪ್ಯಾಡ್‌ನಲ್ಲಿ ಎಂ4 ಕೂಡ ಬಂದಾಗಿತ್ತು. ಚಿಪ್ ಕೆಟ್ಟದಾಗಿತ್ತು ಎಂದಲ್ಲ. ಆದರೆ ಘೋಷಣೆಯ ದಿನದ ಹೋಲಿಕೆ ಮಾರಾಟದ ದಿನಕ್ಕೆ ಹಳತಾಗಿತ್ತು. ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿ ಕೂಸಿಗೆ ಹಿಡಿಸಬೇಕೆಂದೇನೂ ಇಲ್ಲ.

ಆದ್ದರಿಂದ ಲ್ಯಾಪ್‌ಟಾಪ್ ವಿಷಯದಲ್ಲಿ ನಾನು ಪಾಲಿಸುವ ಮಿತಿ ಬಿಗಿಯಾದದ್ದು. ದಿನಾಂಕ ಗೊತ್ತಾಗಿ, ಅದೇ ಚಿಪ್ ಇರುವ ನಿರ್ದಿಷ್ಟ ಮಾದರಿಯ ಹೆಸರೂ ಗೊತ್ತಾಗಿದ್ದರೆ ಆರು ವಾರದವರೆಗೆ ಕಾಯಬಹುದು. ‘ವರ್ಷದ ಎರಡನೆಯ ಅರ್ಧದಲ್ಲಿ’ ಎಂಬ ಮಾತು ದಿನಾಂಕವಲ್ಲ. ವಿಂಡೋಸ್‌ನಲ್ಲಿ ಹಳೆಯ ತಂತ್ರಾಂಶ, ವಿಶೇಷ ಡ್ರೈವರ್ ಅಥವಾ ಆಟಗಳು ಮುಖ್ಯವಾಗಿದ್ದರೆ ಇಂಟೆಲ್ ಅಥವಾ ಎಎಂಡಿಯ ಎಕ್ಸ್86 ಚಿಪ್‌ಗಳಲ್ಲಿಯೇ (ವಿಂಡೋಸ್‌ನ ಹಳೆಯ ತಂತ್ರಾಂಶ ಬಹುಪಾಲು ಈ ಬಗೆಯ ಚಿಪ್‌ಗೆಂದೇ ಬರೆದದ್ದು) ಉಳಿಯುವುದು ಕ್ಷೇಮ.

ಸರ್ವರ್ ಕೊಳ್ಳುವವರಿಗೆ

ಇವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಇವರಿಗೆ ಕಾಯುವ ಕಷ್ಟ ಈಗಾಗಲೇ ಗೊತ್ತು. 1994ರಲ್ಲಿ ಇಂಟೆಲ್ ಮತ್ತು ಎಚ್‌ಪಿ ಕೂಡಿ ಘೋಷಿಸಿದ ಯೋಜನೆಯಿಂದ ಇಟೇನಿಯಂ ಚಿಪ್ ಹೊರಬಂದದ್ದು 2001ರಲ್ಲಿ, ನಿಗದಿಯ ಕಾಲ ಮೀರಿ. ಹೆಚ್ಚು ಮೆಮೊರಿಯನ್ನು ಬಳಸಬಲ್ಲ 64 ಬಿಟ್ ವಿನ್ಯಾಸಕ್ಕೆ ಅದೊಂದೇ ದಾರಿಯೆಂದು ನಂಬಿದ್ದವರ ಎದುರು 2003ರ ಏಪ್ರಿಲ್‌ನಲ್ಲಿ ಎಎಂಡಿ ಆಪ್ಟರಾನ್ ತಂದು, ಹಳೆಯ ತಂತ್ರಾಂಶವೂ ಓಡುವ 64 ಬಿಟ್ ದಾರಿಯನ್ನು ತೋರಿಸಿತು. ಮರುವರ್ಷ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಇಪ್ಪತ್ತು ವರ್ಷಗಳ ನಂತರ ಇಂಟೆಲ್‌ನ ಸಫೈರ್ ರ‍್ಯಾಪಿಡ್ಸ್ 2021ಕ್ಕೆಂದು ಹೇಳಿದ್ದು 2023ರ ಜನವರಿ 10ಕ್ಕೆ ಬಂದಾಗ, ಎಎಂಡಿಯ 96 ಕೋರ್‌ಗಳ ಜಿನೋವಾ ಎರಡು ತಿಂಗಳ ಹಿಂದೆಯೇ ಬಂದಿತ್ತು. ಒಂದೇ ಕಂಪನಿಯ ಮುಂದಿನ ಚಿಪ್ಪನ್ನು ನೆಚ್ಚಿಕೊಂಡು ವಿಸ್ತರಣೆಯ ಯೋಜನೆ ಬರೆಯುವ ಸಂಸ್ಥೆ, ತನ್ನ ತಂತ್ರಾಂಶ ಎರಡೂ ಕಂಪನಿಗಳ ಯಂತ್ರಗಳಲ್ಲಿ ಓಡುತ್ತದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಟ್ಟುಕೊಳ್ಳಬೇಕು.

ಬಂದ ಮೇಲೆ ಇನ್ನೊಂದಿಷ್ಟು ದಿನ

ಕಾಯಲು ನಿರ್ಧರಿಸಿದವರು ಬಿಡುಗಡೆಯ ದಿನದವರೆಗೆ ಕಾಯುವುದು ಸಾಲದು, ಅದರಾಚೆ ಒಂದು ತಿಂಗಳು ಸೇರಿಸಿಕೊಳ್ಳಬೇಕು. ಸ್ಪರ್ಧೆಯ ಬಿಸಿಯಲ್ಲಿ ಚಿಪ್‌ಗಳು ಅವುಗಳ ಮಿತಿಯ ಅಂಚಿಗೆ ತಳ್ಳಿಸಿಕೊಂಡೇ ಹೊರಬರುತ್ತವೆ. 2000ದ ಮಾರ್ಚ್‌ನಲ್ಲಿ ಎಎಂಡಿ ಇಂಟೆಲ್‌ಗಿಂತ ಎರಡು ದಿನ ಮುಂಚೆ 1 ಗಿಗಾಹರ್ಟ್ಸ್ ವೇಗ ಮುಟ್ಟಿತು. ಇಂಟೆಲ್ ಆತುರದಿಂದ ತಂದ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಅನ್ನು ಆಗಸ್ಟ್‌ನಲ್ಲಿ ಹಿಂದಕ್ಕೆ ಪಡೆಯಬೇಕಾಯಿತು, ಮತ್ತು ಅದರಲ್ಲಿನ ತೊಂದರೆಯನ್ನು ಎತ್ತಿ ತೋರಿಸಿದವರು ಸ್ವತಂತ್ರ ಪರೀಕ್ಷಕರೇ. 2023ರ ವಸಂತದಲ್ಲಿ ರೈಜನ್ 7000ಎಕ್ಸ್3ಡಿ ಚಿಪ್‌ಗಳು ಕೆಲವು ಮದರ್‌ಬೋರ್ಡ್‌ಗಳಲ್ಲಿ ಸುಟ್ಟುಹೋದಾಗ, ಚಿಪ್‌ನ ಒಂದು ಭಾಗಕ್ಕೆ ಹೋಗುವ ವೋಲ್ಟೇಜ್ 1.3 ಮೀರದಂತೆ ಬಯಾಸ್ ಮೂಲಕ ಕಟ್ಟುಹಾಕಲಾಯಿತು. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿಗೂ 2024ರ ಆಗಸ್ಟ್‌ನಿಂದ ಇಂಥದೇ ತಿದ್ದುಪಡಿಗಳು ಬಂದವು, ಆದರೆ ಅದಾಗಲೇ ಹದಗೆಟ್ಟ ಚಿಪ್‌ಗಳನ್ನು ಅವು ಸರಿಪಡಿಸುವುದಿಲ್ಲ. ಈ ಎರಡರಲ್ಲಿ ಯಾವುದನ್ನೇ ಇಂದು ಕೊಂಡರೂ, ಯಂತ್ರವನ್ನು ಜೋಡಿಸಿ ಬೇರೆ ಯಾವ ಕೆಲಸಕ್ಕೂ ಹಚ್ಚುವ ಮೊದಲು ಮದರ್‌ಬೋರ್ಡ್ ತಯಾರಕರ ಇತ್ತೀಚಿನ ಬಯಾಸ್ ಅನ್ನು ಹಾಕಿಕೊಳ್ಳಿ. ಬಳಸಿದ ಚಿಪ್ ಕೊಳ್ಳುತ್ತಿದ್ದರೆ, ಅದು ಎಂದಿನಿಂದ ಓಡುತ್ತಿದೆ ಮತ್ತು ವಾರಂಟಿ ಇನ್ನೆಷ್ಟು ಉಳಿದಿದೆ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಿ.